ರೇಡಿಯೊ ಹಿಡಿದು ಮನೆಯಿಂದ ಹೊರಗೆ ಬನ್ನಿ: ಅಗ್ಗದ ಸೆಟ್ಟಿನಲ್ಲಿ ಶಾರ್ಟ್‌ವೇವ್ ಕೇಳುವ ಬಗೆ

ಬೆಂಗಳೂರಿನ ನಮ್ಮ ಮನೆಯ ಮೂರನೆಯ ಮಹಡಿಯಲ್ಲಿ ರೇಡಿಯೊ ಹಾಕಿ, ಸಾವಿರಾರು ಕಿಲೋಮೀಟರ್ ಆಚೆಯ ನಿಲಯಗಳು ಸಿಗುವ ಶಾರ್ಟ್‌ವೇವ್‌ಗೆ ತಿರುಗಿಸಿದರೆ ಕೊನೆಯಿಂದ ಕೊನೆಯವರೆಗೆ ಗೊರ್ ಎನ್ನುವ ಒಂದೇ ಸದ್ದು. ನಡುವೆ ಎಲ್ಲೋ ಚೀನಾದ ಒಂದೆರಡು ನಿಲಯಗಳು ಗೋಡೆಯಾಚೆಯಿಂದ ಮಾತನಾಡಿದಂತೆ ಕೇಳುತ್ತವೆ. ಅದೇ ರೇಡಿಯೊವನ್ನು, ಅದೇ ಸೆಲ್‌ಗಳ ಸಮೇತ, ಸಂಕ್ರಾಂತಿಗೆ ಹೊಸದುರ್ಗದ ಕಡೆಯ ನಮ್ಮ ಊರಿಗೆ ಒಯ್ದು ಕೆರೆ ಏರಿಯ ಮೇಲೆ ಕುಳಿತು ಹಾಕಿದೆ. ಶಾರ್ಟ್‌ವೇವಿನ ಒಂದು ಪಟ್ಟಿಯಾದ 31 ಮೀಟರ್ ಬ್ಯಾಂಡೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ನಿಲಯಗಳು ಸಿಕ್ಕವು. ಅರಬ್ಬಿ, ಹಿಂದಿ, ಫಾರಸಿ, ಚೀನೀ, ನನಗೆ ಹೆಸರೇ ಗೊತ್ತಿಲ್ಲದ ಇನ್ನೆರಡು ಭಾಷೆಗಳು. ಪಕ್ಕದಲ್ಲಿದ್ದ ತಮ್ಮನ ಮಗಳು, 'ದೊಡ್ಡಪ್ಪ, ಇದಕ್ಕೆ ಇಂಟರ್ನೆಟ್ ಎಲ್ಲಿಂದ ಬರುತ್ತಿದೆ?' ಎಂದು ಕೇಳಿದಳು.

ಅಂದಿನಿಂದ ರೇಡಿಯೊ ಕೊಳ್ಳಲು ಸಲಹೆ ಕೇಳುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ: ಸೆಟ್ಟು ಬದಲಿಸುವ ಮೊದಲು ಜಾಗ ಬದಲಿಸಿ. ಸಾಧಾರಣ ಸೆಟ್ಟು ಬಯಲಿನಲ್ಲಿ ಮಾಡುವ ಕೆಲಸವನ್ನು ದುಬಾರಿ ಸೆಟ್ಟು ಹಾಲ್‌ನ ಸೋಫಾ ಪಕ್ಕದಲ್ಲಿ ಮಾಡಲಾರದು.

ಮನೆಯೊಳಗೆ ಏಕೆ ಕೇಳುವುದಿಲ್ಲ

ನಮ್ಮ ಅಪ್ಪ ಬುಧವಾರ ರಾತ್ರಿ ಎಂಟು ಗಂಟೆಗೆ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಅಮೀನ್ ಸಯಾನಿಯವರ ದನಿಗಾಗಿ ರೇಡಿಯೊ ಸಿಲೋನ್ ಹಿಡಿಯುತ್ತಿದ್ದ ಕಾಲದಲ್ಲಿ ಮನೆಯಲ್ಲಿದ್ದದ್ದು ಎರಡು ಬಲ್ಬು, ಒಂದು ಫ್ಯಾನು. ಈಗ ನಮ್ಮ ಮನೆಯಲ್ಲಿರುವ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ, ವೈಫೈ ಪೆಟ್ಟಿಗೆ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಯುಪಿಎಸ್ ಇವೆಲ್ಲವೂ ಕರೆಂಟನ್ನು ಕ್ಷಣಕ್ಷಣಕ್ಕೂ ತುಂಡರಿಸಿ ಬಳಸುವ ಸಾಧನಗಳು. ಹಾಗೆ ತುಂಡರಿಸುವಾಗ ಹುಟ್ಟುವ ಗದ್ದಲ ಗೋಡೆಯೊಳಗಿನ ವೈರಿನುದ್ದಕ್ಕೂ ಹರಡುತ್ತದೆ. ಆ ವೈರುಗಳೇ ಏರಿಯಲ್ ಆಗಿ ಅದನ್ನು ಬಿತ್ತರಿಸುತ್ತವೆ. ಅದರ ಮೇಲೆ ಕಾಂಕ್ರೀಟಿನೊಳಗಿನ ಕಬ್ಬಿಣ ಹೊರಗಿನ ಅಲೆಯನ್ನು ತಡೆಯುತ್ತದೆ. ದೂರದಿಂದ ಬಂದ ಕ್ಷೀಣವಾದ ದನಿ ಇವೆರಡರ ನಡುವೆ ಮುಳುಗಿ ಹೋಗುತ್ತದೆ.

ಸಮಾಧಾನದ ಸಂಗತಿಯೆಂದರೆ ಈ ಗದ್ದಲದ ಬಲ ಹತ್ತಿರದಲ್ಲಷ್ಟೇ. ಮನೆಯಿಂದ ಮೂವತ್ತು, ನಲವತ್ತು ಮೀಟರ್ ನಡೆದರೆ ಬಹುಪಾಲು ಬಿದ್ದುಹೋಗುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ರೇಡಿಯೊವನ್ನು 6,000 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ನಿಲ್ಲಿಸಿ, ದನಿಯನ್ನು ಮಧ್ಯಮಕ್ಕಿಟ್ಟು, ಮನೆಯ ಬಾಗಿಲಿನಿಂದ ಹೊರಗೆ ನಿಧಾನವಾಗಿ ನಡೆಯಿರಿ. ಗೊರ್ ಸದ್ದು ಕರಗುತ್ತಾ ಬಂದು ಒಂದು ಕಡೆ ಬರಿಯ ಸುಯ್ಲಿನಂತಹ ಮೆಲುದನಿ ಉಳಿಯುತ್ತದೆ. ಅಲ್ಲಿ ನಿಲ್ಲಿ. ನಿಮ್ಮ ಕೇಳುವ ಜಾಗ ಅದು.

ಕರೆಂಟು ಹೋದಾಗ ಇಡೀ ಬೀದಿ ರೇಡಿಯೊ ಕಿವಿಗೆ ನಿಶ್ಶಬ್ದವಾಗುವುದನ್ನೂ ಗಮನಿಸಿ. ಲೋಡ್‌ಶೆಡ್ಡಿಂಗ್ ವೇಳೆ ನಾನು ಮೊದಲು ಹುಡುಕುವುದು ಮೇಣದಬತ್ತಿಯನ್ನಲ್ಲ, ರೇಡಿಯೊವನ್ನು. ನೆರೆಯವರ ಯುಪಿಎಸ್‌ಗಳು ಓಡುತ್ತಿದ್ದರೂ ಗದ್ದಲ ಅರ್ಧಕ್ಕಿಂತ ಇಳಿದಿರುತ್ತದೆ.

ಯಾವ ರೇಡಿಯೊ

ಈ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮನೆಯ ಅಟ್ಟದಲ್ಲಿ ಹಳೆಯ ಮೂರು ಬ್ಯಾಂಡಿನ ಫಿಲಿಪ್ಸ್ ಅಥವಾ ಪ್ಯಾನಾಸೋನಿಕ್ ಇದ್ದರೆ ಅದರಿಂದಲೇ ಶುರು ಮಾಡಬಹುದು. ಸೆಲ್ ಇಡುವ ಜಾಗದ ಸ್ಪ್ರಿಂಗುಗಳಿಗೆ ಹಿಡಿದ ಹಸಿರು ಕಿಲುಬನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಅರ್ಧದಷ್ಟು ಹಳೆಯ ಸೆಟ್ಟುಗಳು ಅಷ್ಟಕ್ಕೇ ಮಾತನಾಡುತ್ತವೆ.

ಹೊಸದು ಕೊಳ್ಳುವುದಾದರೆ ಅಂಕಿಗಳಲ್ಲಿ ತರಂಗಾಂತರ ತೋರಿಸುವ ಸೆಟ್ಟನ್ನೇ ಕೊಳ್ಳಿ. ಟೆಕ್‌ಸನ್ ಪಿಎಲ್-310ಇಟಿ, ಪಿಎಲ್-330, ಎಕ್ಸ್‌ಹೆಚ್‌ಡೇಟಾ ಡಿ-808 ಈ ಬಗೆಯವು. ಮೂರೂ ಅಂಗೈಗಿಂತ ಸ್ವಲ್ಪ ದೊಡ್ಡವು, ಚೀಲದ ಪಕ್ಕದ ಜೇಬಿಗೆ ಹೋಗುತ್ತವೆ. ಪಿಎಲ್-330 ಮತ್ತು ಡಿ-808ರಲ್ಲಿ ಎಸ್‌ಎಸ್‌ಬಿ ಸೌಲಭ್ಯವಿದೆ. ಹವ್ಯಾಸಕ್ಕಾಗಿ ತಾವೇ ರೇಡಿಯೊದಲ್ಲಿ ಪರಸ್ಪರ ಮಾತನಾಡುವ ಹ್ಯಾಮ್‌ಗಳು ಬಳಸುವ ಪ್ರಸಾರದ ಬಗೆ ಅದು. ಅದಿದ್ದರೆ ಅವರ ಮಾತೂ ಕೇಳಬಹುದು. ಅದಿಲ್ಲದ ಸೆಟ್ಟಿನಲ್ಲಿ ಹ್ಯಾಮ್‌ಗಳ ಮಾತು ಬಾತುಕೋಳಿಯ ಕೂಗಿನಂತೆ ಒಡೆದು ಕೇಳುತ್ತದೆ.

ಮುಳ್ಳು ಓಡುವ ಹಳೆಯ ಮಾದರಿಯ ಅಗ್ಗದ ಸೆಟ್ಟುಗಳ ಒಂದು ಗುಣವನ್ನು ಮೊದಲೇ ತಿಳಿದಿರಬೇಕು. ಅವುಗಳಲ್ಲಿ ಬಲವಾದ ನಿಲಯವೊಂದು ತನ್ನ ನಿಜ ಜಾಗದಲ್ಲಲ್ಲದೆ, ಅದಕ್ಕಿಂತ 910 ಕಿಲೋಹರ್ಟ್ಸ್ ಕೆಳಗೂ ಕಾಣಿಸಿಕೊಳ್ಳುತ್ತದೆ. 9,910ರಲ್ಲಿರುವ ನಿಲಯ 9,000ದ ಬಳಿಯೂ ಕೇಳುತ್ತದೆ ಎಂದಿಟ್ಟುಕೊಳ್ಳಿ. ಹೊರಗಿನ ಅಲೆಯನ್ನು ಸೆಟ್ಟು ತನ್ನೊಳಗೆ ಬದಲಿಸಿಕೊಳ್ಳುವ 455 ಕಿಲೋಹರ್ಟ್ಸ್ ಮಧ್ಯಂತರ ಆವರ್ತನದ ಎರಡು ಪಟ್ಟು ಈ 910. ಹೊಸಬರು ಇದನ್ನು ಹೊಸ ನಿಲಯವೆಂದು ಭಾವಿಸಿ ಪಟ್ಟಿಯಲ್ಲಿ ಗಂಟೆಗಟ್ಟಲೆ ಹುಡುಕುತ್ತಾರೆ. ನಾನೂ ಒಂದು ಇಡೀ ಬೇಸಿಗೆ ಹುಡುಕಿದ್ದೇನೆ.

ರೇಡಿಯೊ ಕೈಗೆ ಬಂದ ದಿನವೇ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಮಧ್ಯಮ ತರಂಗದಲ್ಲಿ (ಮೀಡಿಯಂ ವೇವ್) ಸಂಖ್ಯೆ ಏರುವ ಹೆಜ್ಜೆ 9 ಕಿಲೋಹರ್ಟ್ಸ್‌ಗೆ ಇದೆಯೇ ನೋಡಿ. 10 ಇದ್ದರೆ ಅದು ಅಮೆರಿಕದ ಲೆಕ್ಕ. ಅದರಲ್ಲಿ ಬೆಂಗಳೂರು ಆಕಾಶವಾಣಿಯ 612 ಸರಿಯಾಗಿ ಕೂರುವುದಿಲ್ಲ.

ಚೀಲದಲ್ಲಿ ಏನಿರಬೇಕು

ರೇಡಿಯೊ. ಪೂರ್ತಿ ಚಾರ್ಜ್ ಆದ ಸೆಲ್‌ಗಳು, ಜೊತೆಗೆ ಇನ್ನೊಂದು ಜೋಡಿ. ವೈರಿರುವ ಇಯರ್‌ಫೋನ್. ಹತ್ತು ಮೀಟರ್ ತೆಳುವಾದ, ಮೇಲ್ಹೊದಿಕೆ ಇರುವ ವೈರು, ಅದರ ಒಂದು ತುದಿಗೆ ಮೊಸಳೆ ಕ್ಲಿಪ್ಪು. ನೈಲಾನ್ ದಾರದ ಒಂದು ಉಂಡೆ. ನೋಟ್‌ಬುಕ್ಕು, ಪೆನ್ನು. ಟಾರ್ಚು. ಕೂರಲು ಒಂದು ಚಾಪೆ ಅಥವಾ ಗೋಣಿಚೀಲ.

ಪವರ್ ಬ್ಯಾಂಕ್ ಬೇಡ. ಅದರ ವೈರನ್ನು ರೇಡಿಯೊಗೆ ಸಿಕ್ಕಿಸಿ ಕೇಳಲು ಕುಳಿತರೆ ಮನೆಯ ಗದ್ದಲವನ್ನೇ ಬಯಲಿಗೆ ಹೊತ್ತುಕೊಂಡು ಬಂದಂತೆ. ಮೊಬೈಲನ್ನು ಎರಡು ಮೀಟರ್ ದೂರ ಇಡಿ. ಪರದೆ ಬೆಳಗಿದಾಗ ಅದರದೂ ಒಂದು ಕರಕರ ಇರುತ್ತದೆ. ಕೆಲವು ಎಲ್‌ಇಡಿ ಟಾರ್ಚುಗಳೂ ಗಲಾಟೆ ಮಾಡುತ್ತವೆ. ಹೊರಡುವ ಮುನ್ನ ಅಂಗಳದಲ್ಲಿ ರೇಡಿಯೊ ಪಕ್ಕ ಒಮ್ಮೆ ಹಚ್ಚಿ ಆರಿಸಿ ನೋಡಿ.

ಎಲ್ಲಿ ಕೂರಬೇಕು

ನನಗೆ ಕೆರೆ ಏರಿ ಎಲ್ಲಕ್ಕಿಂತ ಇಷ್ಟ. ಎತ್ತರದ ಜಾಗ, ಸುತ್ತ ತೆರವು, ಮನೆಗಳು ದೂರ. ಹೊಲದ ನಡುವಿನ ಕಣ, ಊರಾಚೆಯ ಬೆಟ್ಟದ ಬುಡ, ತೋಟದ ಅಂಚು ಇವೂ ಒಳ್ಳೆಯವೇ. ಕರಾವಳಿಯವರಿಗೆ ನಿಜವಾಗಿಯೂ ದೊಡ್ಡ ಅನುಕೂಲವಿದೆ: ಉಪ್ಪುನೀರು ಒಳ್ಳೆಯ ವಾಹಕವಾದ್ದರಿಂದ ದಿಗಂತದ ಮಟ್ಟದಲ್ಲಿ ಬರುವ ದೂರದ ಅಲೆಗಳು ಸಮುದ್ರದಂಚಿನಲ್ಲಿ ನೆಟ್ಟಗೆ ನಿಲ್ಲಿಸಿದ ಏರಿಯಲ್‌ಗೆ ಬಲವಾಗಿ ಸಿಗುತ್ತವೆ. ಅಲೆ ಮುಗಿಯುವ ಮರಳಿನ ಮೇಲೆ, ರೇಡಿಯೊದ ಕಡ್ಡಿ ಏರಿಯಲ್ ಪೂರ್ತಿ ಎಳೆದು ಕುಳಿತುಕೊಳ್ಳಿ; ವೈರೇ ಬೇಕಾಗದಿರಬಹುದು.

ದೂರವಿರಬೇಕಾದವು: ಹೈಟೆನ್ಷನ್ ಲೈನು, ಟ್ರಾನ್ಸ್‌ಫಾರ್ಮರ್, ಪಂಪ್‌ಸೆಟ್ಟಿನ ಮನೆ, ಮೊಬೈಲ್ ಟವರ್. ಮಲೆನಾಡಿನಲ್ಲಿ ಆನೆ, ಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿ ಹತ್ತಿರದಲ್ಲಿದ್ದರೆ ಸೆಕೆಂಡಿಗೊಮ್ಮೆ ಟಕ್ ಟಕ್ ಎಂದು ಗಡಿಯಾರದಂತೆ ಬಡಿಯುತ್ತದೆ. ಸಕಲೇಶಪುರದ ಬಳಿ ನೆಂಟರ ತೋಟದಲ್ಲಿ ಕುಳಿತಿದ್ದಾಗ ಆ ಬಡಿತ ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ರೇಡಿಯೊ ಬಿಚ್ಚಲು ಹೊರಟಿದ್ದೆ. ಮನೆಯ ಯಜಮಾನರು ಬೇಲಿಯನ್ನು ಐದು ನಿಮಿಷ ಆರಿಸಿದ ಮೇಲೆ ಗುಟ್ಟು ತಿಳಿಯಿತು.

ನಗರದಲ್ಲಿರುವವರು ಟೆರೇಸಿನ ನಡುಭಾಗಕ್ಕೆ ಹೋಗಿ, ಲಿಫ್ಟಿನ ಕೋಣೆಯಿಂದ ಆದಷ್ಟು ದೂರ. ಅದಕ್ಕಿಂತ ಒಳ್ಳೆಯದು ಬೆಳಗಿನ ಜಾವದ ಉದ್ಯಾನ. ಲಾಲ್‌ಬಾಗಿನ ಬಂಡೆಯ ಮೇಲೆ ಬೆಳಿಗ್ಗೆ ಆರೂವರೆಗೆ ಬರಿಯ ಕಡ್ಡಿ ಏರಿಯಲ್ಲಿನಲ್ಲೇ ನನಗೆ ಸಿಗುವ ನಿಲಯಗಳು ಮನೆಯಲ್ಲಿ ಹತ್ತು ಮೀಟರ್ ವೈರು ಕಟ್ಟಿದರೂ ಸಿಗುವುದಿಲ್ಲ. ಅಲ್ಲಿ ಮರಕ್ಕೆ ವೈರು ಕಟ್ಟಲು ಹೋಗಬೇಡಿ.

ಊರಿನಲ್ಲಿ ರಾತ್ರಿ ಹೊತ್ತು ಕೂರುವುದಾದರೆ ಹತ್ತಿರದ ಹೊಲದವರಿಗೆ ಒಂದು ಮಾತು ಹೇಳಿ. ಕತ್ತಲಲ್ಲಿ ಮರಕ್ಕೆ ತಂತಿ ಎಳೆದುಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಅಪರಿಚಿತರನ್ನು ಕಂಡರೆ ಯಾರಿಗಾದರೂ ಅನುಮಾನ ಸಹಜ. ಅಣೆಕಟ್ಟು, ವಿಮಾನ ನಿಲ್ದಾಣ, ಸೇನೆಯ ಜಾಗಗಳ ಹತ್ತಿರ ಹೋಗಲೇಬೇಡಿ. ರೇಡಿಯೊ ಇಟ್ಟುಕೊಳ್ಳಲು ಈಗ ಪರವಾನಗಿ ಬೇಕಿಲ್ಲ. ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟುತ್ತಿದ್ದ ಆ ಪುಟ್ಟ ಪುಸ್ತಕದ ಕಾಲ ಎಂಬತ್ತರ ದಶಕದಲ್ಲೇ ಮುಗಿಯಿತು.

ಮೊದಲ ಸಂಜೆ

ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಜಾಗ ಸೇರಿ. ವೈರನ್ನು ಚೀಲದಲ್ಲೇ ಬಿಡಿ. ಮೊದಲು ಕಡ್ಡಿಯಿಂದಲೇ ಕೇಳಬೇಕು. ಅದನ್ನು ಪೂರ್ತಿ ಎಳೆದು ನೆಟ್ಟಗೆ ನಿಲ್ಲಿಸಿ. ರೇಡಿಯೊವನ್ನು ಕೈಯಲ್ಲಿ ಹಿಡಿದಾಗ ದನಿ ಏರುವುದನ್ನು, ಕಲ್ಲಿನ ಮೇಲಿಟ್ಟಾಗ ಇಳಿಯುವುದನ್ನು ಗಮನಿಸಿ. ನಿಮ್ಮ ದೇಹವೂ ಏರಿಯಲ್‌ನ ಒಂದು ಭಾಗವಾಗಿ ಕೆಲಸ ಮಾಡುತ್ತಿದೆ. ಇಯರ್‌ಫೋನಿನ ವೈರೂ ಅದೇ ಕೆಲಸ ಮಾಡುತ್ತದೆ.

ಮೊದಲು 10,000 ಕಿಲೋಹರ್ಟ್ಸ್‌ಗೆ ಹೋಗಿ. ಸೆಕೆಂಡಿಗೊಂದು ಟಿಕ್ ಕೇಳಿದರೆ ಅದು ಚೀನಾದ ಶಾನ್‌ಶಿ ಪ್ರಾಂತ್ಯದಿಂದ ಬರುವ ಬಿಪಿಎಂ ಎಂಬ ಸಮಯ ಸಂಕೇತ. ಅದು ಹಾಡನ್ನೂ ಸುದ್ದಿಯನ್ನೂ ಕೊಡುವುದಿಲ್ಲ; ಹಗಲಿರುಳೂ ಕಾಲ ಎಣಿಸುತ್ತಿರುತ್ತದೆ. ನನಗೆ ಅದು ಅಳತೆಗೋಲು. ಅದು ಸ್ಪಷ್ಟವಾಗಿ ಕೇಳಿದರೆ ಆಕಾಶ ತೆರೆದಿದೆ, ಜಾಗ ಶಾಂತವಾಗಿದೆ ಎಂದರ್ಥ. 5,000ದಲ್ಲೂ ಅದೇ ನಿಲಯವಿದೆ; ಕತ್ತಲು ಏರಿದಂತೆ ಅದು ಬಲವಾಗುವುದನ್ನು ಕೇಳುವುದೇ ಒಂದು ಪಾಠ.

ನಂತರ 25 ಮೀಟರ್ ಬ್ಯಾಂಡು, ಅಂದರೆ 11,600ರಿಂದ 12,100. ಐದೈದು ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಮೇಲೇರಿ. ತಾನಾಗಿಯೇ ಹುಡುಕುವ ಸ್ಕ್ಯಾನ್ ಗುಂಡಿಯನ್ನು ಮೊದಲ ದಿನ ಒತ್ತಬೇಡಿ. ಅದು ಬಲವಾದ ನಿಲಯಗಳಲ್ಲಿ ಮಾತ್ರ ನಿಲ್ಲುತ್ತದೆ; ಮೆಲುದನಿಯ ನಿಲಯಗಳನ್ನು ದಾಟಿ ಹೋಗುತ್ತದೆ, ಸೊಗಸಿರುವುದು ಅಲ್ಲಿಯೇ. ಪ್ರತಿ ಹೆಜ್ಜೆಯಲ್ಲೂ ಮೂರು ನಾಲ್ಕು ಸೆಕೆಂಡು ನಿಂತು ಕೇಳಿ. ಅಲೆ ಏಳುತ್ತಾ ಬೀಳುತ್ತಾ ಬರುವುದರಿಂದ ಒಂದು ಸೆಕೆಂಡಿನಲ್ಲಿ ಇಲ್ಲದ ನಿಲಯ ಮುಂದಿನ ಸೆಕೆಂಡಿನಲ್ಲಿ ಬಂದೀತು.

ಕತ್ತಲಾದ ಮೇಲೆ 31 ಮೀಟರ್ (9,400ರಿಂದ 9,900), ಅನಂತರ 41 (7,200ರಿಂದ 7,450), 49 (5,900ರಿಂದ 6,200) ಹೀಗೆ ಇಳಿಯುತ್ತಾ ಬನ್ನಿ. ಮೀಟರಿನ ಲೆಕ್ಕ ಸುಲಭ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 9.6 ಮೆಗಾಹರ್ಟ್ಸ್ ಎಂದರೆ ಸುಮಾರು 31 ಮೀಟರ್.

ನಿಲಯ ಸಿಕ್ಕಿತು, ಪಕ್ಕದವರ ಕಾಟವಿದೆ ಎಂದರೆ ಬ್ಯಾಂಡ್‌ವಿಡ್ತ್ ಗುಂಡಿ ಒತ್ತಿ ಕಿರಿದು ಮಾಡಿ. 6 ಕಿಲೋಹರ್ಟ್ಸ್‌ನಿಂದ 3ಕ್ಕೆ ಇಳಿಸಿದರೆ ಸಂಗೀತ ಮಂಕಾಗುತ್ತದೆ, ಮಾತು ತೆರೆದುಕೊಳ್ಳುತ್ತದೆ. ಅಷ್ಟೇ ಸಾಲದಿದ್ದರೆ ನಿಜವಾದ ತರಂಗಾಂತರದಿಂದ ಒಂದು ಕಿಲೋಹರ್ಟ್ಸ್ ಆಚೆ, ಕಾಟ ಕೊಡುವ ನಿಲಯದ ವಿರುದ್ಧ ದಿಕ್ಕಿಗೆ ಸರಿಸಿ. ಬೇರೆ ಗುಂಡಿಗಳನ್ನೆಲ್ಲ ಕಲಿಯುವ ಮೊದಲು ಇದೊಂದನ್ನು ಕೈಗೆ ರೂಢಿ ಮಾಡಿಕೊಳ್ಳಿ.

ಸುಮಾರು 10 ಕಿಲೋಹರ್ಟ್ಸ್ ಅಗಲಕ್ಕೆ ಒಂದೇ ಸಮನೆ ಜಲಪಾತದಂತೆ ಸುರಿಯುವ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಅದು ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರ. ಆಕಾಶವಾಣಿಯೂ ಅದನ್ನು ಬಳಸುತ್ತದೆ. ನಮ್ಮ ಅಗ್ಗದ ಸೆಟ್ಟುಗಳಿಗೆ ಅದರ ಭಾಷೆ ಬಾರದು.

ಇದು ಯಾವ ನಿಲಯ?

ಇಲ್ಲಿ ನಮ್ಮ ಗಡಿಯಾರದ ಒಂದು ವಿಶೇಷ ಉಪಯೋಗಕ್ಕೆ ಬರುತ್ತದೆ. ಶಾರ್ಟ್‌ವೇವ್ ಲೋಕವೆಲ್ಲ ಯುಟಿಸಿ ಎಂಬ ಸಾಮಾನ್ಯ ಕಾಲದಲ್ಲಿ ನಡೆಯುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಜಗತ್ತಿಗೆ ಗಂಟೆ ಹೊಡೆಯುವಾಗ ನಮಗೆ ಅರ್ಧ ಗಂಟೆ. 14:00 ಯುಟಿಸಿ ಎಂದರೆ ಇಲ್ಲಿ ಸಂಜೆ ಏಳೂವರೆ. ಬಹಳಷ್ಟು ನಿಲಯಗಳು ಗಂಟೆಯ ತುದಿಯಲ್ಲಿ ತಮ್ಮ ಗುರುತಿನ ಸಂಗೀತ ನುಡಿಸಿ, ಹೆಸರು ಹೇಳಿ, ಭಾಷೆ ಬದಲಿಸುತ್ತವೆ. ಆದ್ದರಿಂದ ನಮ್ಮ ಗಡಿಯಾರದಲ್ಲಿ 25 ನಿಮಿಷದಿಂದ 35 ನಿಮಿಷದವರೆಗಿನ ಆ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ. ಚಹಾ ಕುಡಿಯುವುದು, ಮಾತನಾಡುವುದು ಎಲ್ಲ ಅದರಾಚೆ ಇರಲಿ.

ಆಕಾಶವಾಣಿಯ ಗುರುತಿನ ರಾಗ ನಿಮಗೆ ಗೊತ್ತೇ ಇದೆ. ಯುರೋಪಿನಲ್ಲಿ ನಾಜಿಗಳ ಕಾಟದ ಕಾಲದಲ್ಲಿ ಭಾರತಕ್ಕೆ ಬಂದು ಆಶ್ರಯ ಪಡೆದ ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ ಆ ಪಿಟೀಲಿನ ಸ್ವರಗಳು ಕರಕರದ ನಡುವಿನಿಂದ ತೇಲಿ ಬರುವುದನ್ನು ಬಯಲಿನಲ್ಲಿ ಕುಳಿತು ಕೇಳಿದಾಗ ನನಗೆ ಪ್ರತಿಸಲವೂ ಮೈ ನವಿರೇಳುತ್ತದೆ. 'ಆಕಾಶವಾಣಿ' ಎಂಬ ಹೆಸರನ್ನು 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಡೆಸಿದ ನಿಲಯಕ್ಕೆ ಇಟ್ಟದ್ದು. ಆಮೇಲೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಬೆಂಗಳೂರಿನ ಆಕಾಶವಾಣಿಯ 500 ಕಿಲೋವಾಟ್ ಪ್ರಸಾರಕಗಳು ದೂರದೇಶಗಳಿಗಾಗಿ ಕಟ್ಟಿದವು. ಅವು ಬೀಸುವ ಅಲೆ ಬಾನಿಗೆ ಹೋಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುವುದರಿಂದ, ಬೆಂಗಳೂರಿನ ನಿಲಯವೇ ನಮ್ಮ ಜಿಲ್ಲೆಗಳಲ್ಲಿ ಮೆಲ್ಲಗೆ ಕೇಳಿ ಗಲ್ಫಿನಲ್ಲಿ ಗಟ್ಟಿಯಾಗಿ ಕೇಳುವುದುಂಟು. ನಡುವಿನ ಈ ಬರಡು ಪಟ್ಟಿಗೆ ಜಿಗಿತದ ವಲಯ ಎನ್ನಬಹುದು.

ನಿಲಯ ಗುರುತಿಸಲು ತರಂಗಾಂತರದ ಪಟ್ಟಿ ಬೇಕು. ಇಐಬಿಐ ಎಂಬ ನಾಲ್ಕಕ್ಷರದ ಪಟ್ಟಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯಿಂದ ಹೊರಡುವ ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಿ. ಮಾರ್ಚಿನ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ನಿಲಯಗಳು ತರಂಗಾಂತರ ಬದಲಿಸುತ್ತವೆ, ಪಟ್ಟಿಯೂ ಬದಲಾಗುತ್ತದೆ. ಆರು ತಿಂಗಳ ಹಿಂದಿನ ಪಟ್ಟಿ ಹಿಡಿದು ಕೂರಬೇಡಿ. ಇದೇ ಕಾರಣಕ್ಕೆ ನಾನು ಇಲ್ಲಿ ಒಂದೊಂದು ನಿಲಯದ ಸಂಖ್ಯೆ ಬರೆದಿಲ್ಲ. ಚೀನಾದ ಅಂತಾರಾಷ್ಟ್ರೀಯ ರೇಡಿಯೊ, ಕುವೈತ್, ಸೌದಿ ಅರೇಬಿಯಾ, ಇರಾನ್, ವ್ಯಾಟಿಕನ್, ರೊಮೇನಿಯಾ ಇವುಗಳಿಂದ ಹುಡುಕಾಟ ಶುರು ಮಾಡಿ.

ಹಳಬರು ಒಂದು ಮಾತನ್ನು ಒಪ್ಪಿಕೊಂಡು ಕೂರಬೇಕು. ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ ಶಾರ್ಟ್‌ವೇವ್ ಬಿಟ್ಟಿತು. ರೇಡಿಯೊ ಆಸ್ಟ್ರೇಲಿಯಾ 2017ರಲ್ಲೇ ಹೋಯಿತು. ಅಪ್ಪನ ಡೈರಿಯಲ್ಲಿರುವ ಸಂಖ್ಯೆಗಳಲ್ಲಿ ಹೆಚ್ಚಿನವು ಈಗ ಬರಿಯ ಸುಯ್ಲು. ಉಳಿದಿರುವವನ್ನು ಈಗಲೇ ಕೇಳಬೇಕೆಂಬ ಅವಸರ ನನಗಿರುವುದು ಅದಕ್ಕಾಗಿಯೇ.

ವೈರು ಕಟ್ಟುವುದು

ಎರಡು ಮೂರು ಸಂಜೆ ಕಡ್ಡಿಯಿಂದಲೇ ಕೇಳಿ ಕಿವಿ ಪಳಗಿದ ಮೇಲೆ ವೈರು ತೆಗೆಯಿರಿ. ದಾರದ ತುದಿಗೆ ನಿಂಬೆ ಗಾತ್ರದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಹುಣಸೆ ಅಥವಾ ಹೊಂಗೆ ಮರದ ನಾಲ್ಕೈದು ಮೀಟರ್ ಎತ್ತರದ ಕೊಂಬೆಯ ಮೇಲಿಂದ ಎಸೆಯಿರಿ. ಕೆಳಗೆ ಯಾರೂ ನಿಂತಿರಬಾರದು. ದಾರದ ಇನ್ನೊಂದು ತುದಿಗೆ ವೈರು ಕಟ್ಟಿ ಮೇಲಕ್ಕೆ ಎಳೆದುಕೊಳ್ಳಿ. ವೈರಿನ ಕೆಳತುದಿಯ ಮೊಸಳೆ ಕ್ಲಿಪ್ಪನ್ನು ಕಡ್ಡಿ ಏರಿಯಲ್ಲಿಗೆ ಕಚ್ಚಿಸಿ. ಈಗ ಕಡ್ಡಿಯನ್ನು ಪೂರ್ತಿ ಎಳೆಯಬೇಕಿಲ್ಲ. ಹೊರ ಏರಿಯಲ್ಲಿಗೆಂದೇ ರಂಧ್ರವಿರುವ ಸೆಟ್ಟಾದರೆ 3.5 ಮಿಲಿಮೀಟರ್ ಪಿನ್ನಿಗೆ ವೈರು ಬೆಸೆದು ಅಲ್ಲಿ ಸಿಕ್ಕಿಸಬಹುದು. ಕ್ಲಿಪ್ಪು ಹಚ್ಚುವ ಮೊದಲು ವೈರಿನ ತುದಿಯನ್ನು ಒಮ್ಮೆ ಒದ್ದೆ ನೆಲಕ್ಕೆ ಮುಟ್ಟಿಸಿ. ಒಣಗಾಳಿಯಲ್ಲಿ ಅದರಲ್ಲಿ ಕೂಡಿಕೊಂಡ ವಿದ್ಯುತ್ತು ಸೆಟ್ಟಿನ ಮೊದಲ ಭಾಗವನ್ನು ಸುಡಬಲ್ಲದು.

ಇದಕ್ಕೊಂದು ಜೊತೆ ವೈರು ಸೇರಿಸಿದರೆ ಲಾಭ ಇನ್ನೂ ಹೆಚ್ಚು. ಐದು ಮೀಟರ್ ವೈರನ್ನು ಸುಮ್ಮನೆ ನೆಲದ ಮೇಲೆ ಹಾಸಿ, ಅದರ ತುದಿಯನ್ನು ಇಯರ್‌ಫೋನ್ ಪಿನ್ನಿನ ಬುಡದ ಲೋಹಕ್ಕೆ ತಾಗುವಂತೆ ಸುತ್ತಿ. ಮಣ್ಣು ಒದ್ದೆಯಿದ್ದರೆ ಇನ್ನೂ ಒಳ್ಳೆಯದು.

ಉದ್ದವಾದಷ್ಟೂ ಒಳ್ಳೆಯದೆಂದು ಮೂವತ್ತು ಮೀಟರ್ ಎಳೆಯುವವರಿದ್ದಾರೆ. ಅಗ್ಗದ ಸೆಟ್ಟು ಅಷ್ಟನ್ನು ತಾಳುವುದಿಲ್ಲ. ಬಲವಾದ ನಿಲಯಗಳು ಒಂದರ ಮೇಲೊಂದು ಬಿದ್ದು ಎಲ್ಲೆಂದರಲ್ಲಿ ದೆವ್ವದಂತೆ ಕಾಣಿಸಿಕೊಳ್ಳುತ್ತವೆ. ಹಾಗೇನಾದರೂ ಆದರೆ ವೈರನ್ನು ಕಡ್ಡಿಗೆ ಕಚ್ಚಿಸದೆ, ಅದರ ಸುತ್ತ ಮೂರು ಸುತ್ತು ಸಡಿಲವಾಗಿ ಸುತ್ತಿಡಿ. ಸೆಟ್ಟಿನಲ್ಲಿ 'ಡಿಎಕ್ಸ್–ಲೋಕಲ್' ಸ್ವಿಚ್ ಇದ್ದರೆ ಲೋಕಲ್‌ಗೆ ಹಾಕಿ. ನನ್ನ ಅನುಭವದಲ್ಲಿ ಐದರಿಂದ ಹತ್ತು ಮೀಟರ್ ಸಾಕು.

ವೈರನ್ನು ಎಂದಿಗೂ, ಯಾವ ಸಂದರ್ಭದಲ್ಲೂ, ವಿದ್ಯುತ್ ತಂತಿಯ ಮೇಲೋ ಕೆಳಗೋ ಹಾಯಿಸಬೇಡಿ. ಎಸೆದ ದಾರ ತಂತಿಗೆ ಸಿಕ್ಕಿಕೊಂಡರೆ ಎಳೆಯಬೇಡಿ. ಅಲ್ಲೇ ಬಿಟ್ಟು ವಿದ್ಯುತ್ ಇಲಾಖೆಯವರಿಗೆ ತಿಳಿಸಿ. ಗುಡುಗು ಕಿವಿಗೆ ಬಿದ್ದ ತಕ್ಷಣ ವೈರು ಕಳಚಿ, ರೇಡಿಯೊ ಆರಿಸಿ, ಏರಿಯನ್ನೂ ಮರದಡಿಯನ್ನೂ ಬಿಟ್ಟು ಸೂರಿನೊಳಕ್ಕೆ ಹೋಗಿ. ಕಿವಿಗೆ ಗುಡುಗು ಕೇಳುವ ಮೊದಲೇ ರೇಡಿಯೊದಲ್ಲಿ ಛಟ್ ಛಟ್ ಎಂದು ಸಿಡಿಲಿನ ಸದ್ದು ಬರುತ್ತದೆ. ಅದು ಅಡಿಗಡಿಗೆ ಬರತೊಡಗಿದರೆ ಗಂಟುಮೂಟೆ ಕಟ್ಟಿ.

ಹೊತ್ತು ಮತ್ತು ಋತು

ಹಗಲಿಗೆ ಮೇಲಿನ ಸಂಖ್ಯೆಗಳು, ರಾತ್ರಿಗೆ ಕೆಳಗಿನವು. ಇದೊಂದು ಸೂತ್ರ ನೆನಪಿದ್ದರೆ ಸಾಕು. ನೆಲದಿಂದ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿರುವ, ಡಿ ಎಂಬ ವಾತಾವರಣದ ಪದರ ಹಗಲಿನ ಬಿಸಿಲಿನಲ್ಲಿ ಗಟ್ಟಿಯಾಗಿ, ಕೆಳಗಿನ ಬ್ಯಾಂಡುಗಳ ಅಲೆಯನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದರೆ ಅದು ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಎಫ್ ಪದರದವರೆಗೆ ಹೋಗಿ ಬಾಗಿ ದೂರದ ನೆಲಕ್ಕೆ ಮರಳುತ್ತವೆ. ಮಧ್ಯಾಹ್ನ 19, 16, 13 ಮೀಟರ್ ಬ್ಯಾಂಡುಗಳನ್ನು ನೋಡಿ, ಸಂಜೆ 25 ಮತ್ತು 31, ರಾತ್ರಿ 41 ಮತ್ತು 49. ಬೆಳಗಿನ ಜಾವ ಐದೂವರೆಯಿಂದ ಏಳರವರೆಗೆ ಮತ್ತೆ ಇವೇ ಕೆಳಗಿನ ಬ್ಯಾಂಡುಗಳು, ಈ ಸಲ ಇಬ್ಬನಿಯ ಜೊತೆ. ಒಂದೇ ಹೊತ್ತನ್ನು ಆರಿಸಿಕೊಳ್ಳಿ ಎಂದರೆ ನಾನು ಈ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುತ್ತೇನೆ. ಊರು ಇನ್ನೂ ಎದ್ದಿರುವುದಿಲ್ಲ, ಪಂಪ್‌ಸೆಟ್ಟುಗಳ ಸದ್ದು ಕಡಿಮೆ, ಏಳು ಮೆಗಾಹರ್ಟ್ಸ್‌ನಲ್ಲಿ ವಿಯು ಎಂದು ಶುರುವಾಗುವ ಕರೆಗುರುತಿನ ನಮ್ಮ ದೇಶದ ಹ್ಯಾಮ್‌ಗಳು ಒಬ್ಬರಿಗೊಬ್ಬರು ಶುಭೋದಯ ಹೇಳುತ್ತಿರುತ್ತಾರೆ. ಎಸ್‌ಎಸ್‌ಬಿ ಇರುವ ಸೆಟ್ಟಿನಲ್ಲಿ 'ಎಲ್‌ಎಸ್‌ಬಿ' ಆರಿಸಿ 7,000ರಿಂದ 7,200ರವರೆಗೆ ತಿರುಗಿಸಿ.

ಋತುಗಳಲ್ಲಿ ಡಿಸೆಂಬರಿನಿಂದ ಫೆಬ್ರವರಿ ಎಲ್ಲಕ್ಕಿಂತ ಶಾಂತ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮುಂಗಾರು ಪೂರ್ವದ ಸಿಡಿಲು ಕೆಳಗಿನ ಬ್ಯಾಂಡುಗಳನ್ನು ಹರಿದುಹಾಕುತ್ತದೆ. ಆಗ 19 ಮತ್ತು 16 ಮೀಟರಿಗೆ ಏರಿ.

ದಕ್ಷಿಣ ಭಾರತದವರಿಗೆ ಇನ್ನೊಂದು ಸಂಗತಿ. ಮಾರ್ಚ್, ಏಪ್ರಿಲ್ ಹಾಗೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಕೆಲವು ದಿನ ಬಲವಾದ ನಿಲಯದ ದನಿಯೂ ಫ್ಯಾನಿನ ಮುಂದೆ ಮಾತನಾಡಿದಂತೆ ಅದುರುತ್ತದೆ. ಸೆಟ್ಟು ಕೆಟ್ಟಿತೆಂದುಕೊಂಡು ರಿಪೇರಿ ಅಂಗಡಿಗೆ ಒಯ್ಯಬೇಡಿ. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ದಕ್ಷಿಣ ತುದಿಯ ಮೇಲೆ ಹಾದುಹೋಗುತ್ತದೆ. ಅದರ ಆಸುಪಾಸಿನಲ್ಲಿ ಸೂರ್ಯಾಸ್ತದ ಬಳಿಕ ಮೇಲಿನ ಪದರ ಕುದಿಯುವ ನೀರಿನಂತೆ ಕಲಕಿಹೋಗುತ್ತದೆ. ದೇಶದ ಮೊದಲ ರಾಕೆಟ್ಟನ್ನು 1963ರಲ್ಲಿ ಕೇರಳದ ತುಂಬಾದಿಂದ ಹಾರಿಸಲು ಆ ಊರನ್ನು ಆರಿಸಿದ್ದು ಇದೇ ರೇಖೆ ಅಲ್ಲಿ ಹಾಯುತ್ತದೆ ಎಂಬ ಕಾರಣಕ್ಕೆ. ಕೈಯಲ್ಲಿ ಹಿಡಿದ ಪುಟ್ಟ ಸೆಟ್ಟಿನಲ್ಲಿ ಅದೇ ಕಲಕಾಟವನ್ನು ನೀವು ಕಿವಿಯಾರೆ ಕೇಳುತ್ತಿದ್ದೀರಿ.

ಬರೆದಿಡುವುದು, ಬರೆದು ಕಳಿಸುವುದು

ಕೇಳಿದ್ದನ್ನು ಕೂಡಲೇ ಬರೆಯಿರಿ: ತಾರೀಖು, ನಮ್ಮ ಸಮಯ, ಯುಟಿಸಿ, ಕಿಲೋಹರ್ಟ್ಸ್, ಭಾಷೆ, ಏನು ಕೇಳಿತು. ಭಾಷೆ ತಿಳಿಯದಿದ್ದರೆ 'ಹೆಣ್ಣು ದನಿ, ನಡುವೆ ಊದುವ ವಾದ್ಯ, 7:29ಕ್ಕೆ ಗಂಟೆ' ಎಂದಿದ್ದರೂ ಸಾಕು. ಮನೆಗೆ ಹೋಗಿ ಪಟ್ಟಿಯೊಂದಿಗೆ ಹೋಲಿಸಬಹುದು.

ಇಪ್ಪತ್ತು ನಿಮಿಷ ಒಂದೇ ನಿಲಯವನ್ನು ಕೇಳಿ ಅದರ ವಿವರವನ್ನು ನಿಲಯಕ್ಕೇ ಕಳಿಸಿದರೆ ಹಲವು ನಿಲಯಗಳು ಇಂದಿಗೂ ನೀವು ಕೇಳಿದ್ದನ್ನು ದೃಢಪಡಿಸುವ ಕ್ಯೂಎಸ್‌ಎಲ್ ಎಂಬ ಚಂದದ ಕಾರ್ಡು ಕಳಿಸುತ್ತವೆ. ವರದಿಯಲ್ಲಿ ಸಿನ್ಪೊ ಎಂಬ ಐದಂಕಿಯ ಸಂಕೇತ ಬರೆಯುವುದು ರೂಢಿ. ಕ್ರಮವಾಗಿ ದನಿಯ ಬಲ, ಪಕ್ಕದ ನಿಲಯಗಳ ಕಾಟ, ಗದ್ದಲ, ಏರಿಳಿತ, ಒಟ್ಟಾರೆ ಗುಣ. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ, ಐದು ಅತ್ಯುತ್ತಮ. ಎಲ್ಲರಿಗೂ 55555 ಬರೆದು ಮೆಚ್ಚಿಸಬೇಡಿ. ಅವರ ತಂತ್ರಜ್ಞರಿಗೆ ಬೇಕಾಗಿರುವುದು ಹೊಸದುರ್ಗದ ಕೆರೆ ಏರಿಯಲ್ಲಿ, ಹತ್ತು ಮೀಟರ್ ವೈರಿನಲ್ಲಿ, ಆ ಸಂಜೆ ನಿಜವಾಗಿ ಹೇಗೆ ಕೇಳಿತು ಎಂಬುದು. 34332 ಎಂಬ ಪ್ರಾಮಾಣಿಕ ವರದಿಗೆ ಬೆಲೆ ಹೆಚ್ಚು. ತಮ್ಮನ ಮಗಳು ಬರೆದ ಮೊದಲ ವರದಿಯಲ್ಲಿ 'ನಡುವೆ ಎರಡು ನಿಮಿಷ ಎಮ್ಮೆಗಳು ಹಾದುಹೋದವು, ಕೇಳಲಿಲ್ಲ' ಎಂದಿತ್ತು. ನಾನು ಅದನ್ನು ತಿದ್ದಲಿಲ್ಲ.

ಎದ್ದು ಹೊರಡುವಾಗ

ಮೊದಲು ಟಾರ್ಚು ಹಚ್ಚಿ ಕಾಲ ಸುತ್ತ ನೋಡಿ. ಏರಿಯ ಕಲ್ಲುಸಂದಿಗಳಲ್ಲಿ ಹಾವುಗಳಿರುತ್ತವೆ. ಚಪ್ಪಲಿಗಿಂತ ಶೂ ಒಳ್ಳೆಯದು. ಮರದ ಮೇಲಿನ ವೈರನ್ನು ಜಗ್ಗದೆ, ದಾರ ಸಡಿಲಿಸಿ ಇಳಿಸಿ. ಒಂದು ಚೂರನ್ನೂ ಕೊಂಬೆಯಲ್ಲಿ ಬಿಡಬೇಡಿ, ಹಕ್ಕಿಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ವೈರನ್ನು ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿದರೆ ಮುಂದಿನ ಸಲ ಗಂಟಾಗದೆ ಬಿಚ್ಚಿಕೊಳ್ಳುತ್ತದೆ. ರೇಡಿಯೊದ ಮೇಲಿನ ಇಬ್ಬನಿಯನ್ನು ಒರೆಸಿ, ಕಡ್ಡಿಯನ್ನು ತುದಿಯಿಂದ ಒತ್ತದೆ ಬುಡದ ಭಾಗದಿಂದ ಒಂದೊಂದಾಗಿ ಮಡಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಡಿ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಸೆಲ್‌ಗಳನ್ನು ತೆಗೆದಿಡಿ.